ಆರು ವರ್ಷದಿಂದ ಮನೆಯಲ್ಲಿರುವ ಅಳಿಲು ಹುಡುಗಿ

ಮಗಳಿಗೆ ಒಂಬತ್ತು ವರ್ಷ ಇದ್ದಾಗ ‘ದಿ ಅನ್‌ಬೀಟಬಲ್ ಸ್ಕ್ವಿರೆಲ್ ಗರ್ಲ್’ ಎಂಬ ಇಂಗ್ಲಿಷ್ ಕಾಮಿಕ್ಸಿನ ಮೊದಲ ಸಂಪುಟ ತಂದಿದ್ದೆ. ಈಗ ಅವಳಿಗೆ ಹದಿನೈದು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಪುಸ್ತಕ ಇಡೋಕೆ ಜಾಗ ಕಮ್ಮಿ. ಆಗಾಗ ಒಂದಷ್ಟು ರದ್ದಿಗೆ ಹೋಗುತ್ತವೆ. ಈ ಕಾಮಿಕ್ಸ್ ಮಾತ್ರ ಪ್ರತಿ ಸಲವೂ ಪಾರಾಗಿದೆ.

ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್ ಇದನ್ನು ಶುರು ಮಾಡಿದ್ದು 2015ರಲ್ಲಿ. ಬರೆದವರು ರಯಾನ್ ನಾರ್ತ್, ಚಿತ್ರ ಎರಿಕಾ ಹೆಂಡರ್ಸನ್ ಅವರದು. ನಾಯಕಿ ಡೊರೀನ್ ಗ್ರೀನ್ ಕಂಪ್ಯೂಟರ್ ಸೈನ್ಸ್ ಓದಲು ಕಾಲೇಜಿಗೆ ಸೇರಿದ ಹುಡುಗಿ. ಅಳಿಲಿನ ಬಲ ಇದೆ, ಅಳಿಲುಗಳ ಜೊತೆ ಮಾತಾಡುತ್ತಾಳೆ, ದೊಡ್ಡ ಬಾಲವನ್ನು ಪ್ಯಾಂಟಿನೊಳಗೆ ತುರುಕಿಕೊಂಡು ಕ್ಲಾಸಿಗೆ ಹೋಗುತ್ತಾಳೆ. ಸೊಂಟ ಬಳುಕಿಸಿ ನಿಲ್ಲುವ ಸೂಪರ್‌ಹೀರೋ ಅಲ್ಲ. ದುಂಡು ಮುಖ, ಗಟ್ಟಿಮುಟ್ಟು ಮೈ. ನಮ್ಮ ಬಿಲ್ಡಿಂಗಿನ ಹುಡುಗಿಯರ ಹಾಗೇ ಇದ್ದಾಳೆ.

ಹೊಡೆದಾಟ ಇದೆ, ಆದರೆ ಅವಳು ಗೆಲ್ಲುವುದು ಎದುರಿನವನಿಗೆ ನಿಜವಾಗಿ ಏನು ಬೇಕು ಎಂದು ವಿಚಾರಿಸಿ. ಮೊದಲ ಕಥೆಯಲ್ಲೇ ಬೇಟೆಗಾರ ಕ್ರೇವನ್ ಮೈಮೇಲೆ ಬೀಳುತ್ತಾನೆ. ಅವನಿಗೆ ದೊಡ್ಡ ಬೇಟೆ ಬೇಕು, ಅಷ್ಟೇ ತಾನೇ? ಸಮುದ್ರದಾಳದ ದೈತ್ಯ ಪ್ರಾಣಿಗಳನ್ನು ಹುಡುಕಿಕೊಂಡು ಹೋಗು ಅಂತ ಕಳಿಸಿಬಿಡುತ್ತಾಳೆ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಬಂದರೆ, ಅವನಿಗೆ ಹಸಿವು. ಯಾರೂ ವಾಸವಿಲ್ಲದ, ಬರೀ ಕಾಯಿಬೀಜ ತುಂಬಿದ ಗ್ರಹ ಸಿಕ್ಕಮೇಲೆ ಭೂಮಿ ಉಳಿಯುತ್ತದೆ. ಸೊಸೆಯಾಗಿ ಜಂಟಿ ಕುಟುಂಬದಲ್ಲಿ ಬಾಳಿದವರಿಗೆ ಈ ವಿದ್ಯೆ ಗೊತ್ತಿರುತ್ತದೆ ಬಿಡಿ.

ನನಗೆ ಜಾಸ್ತಿ ಇಷ್ಟವಾದವಳು ರೂಮ್‌ಮೇಟ್ ನ್ಯಾನ್ಸಿ. ಯಾವ ಶಕ್ತಿಯೂ ಇಲ್ಲ. ಸ್ವೆಟರ್ ಹೆಣೆಯುತ್ತಾಳೆ, ಬೆಕ್ಕು ಸಾಕಿದ್ದಾಳೆ, ಮಾರ್ವೆಲ್‌ನ ಸೂಪರ್‌ಹೀರೋ ಥಾರ್‌ನನ್ನು ಬೆಕ್ಕು ಮಾಡಿ ಕಥೆ ಬರೆಯುತ್ತಾಳೆ. ಆದರೂ ಡೊರೀನ್‌ಗೆ ಸರಿ ತಪ್ಪು ಮುಖಕ್ಕೆ ಹೇಳುವವಳು ಅವಳೇ.

ಒಂದು ಸಂಚಿಕೆಯಲ್ಲಿ ಬೈನರಿ ಲೆಕ್ಕದಲ್ಲಿ, ಅಂದರೆ ಬರೀ 0 ಮತ್ತು 1 ಬಳಸುವ ಲೆಕ್ಕದಲ್ಲಿ, ಒಂದೇ ಕೈಯ ಬೆರಳುಗಳ ಮೇಲೆ 31ರ ತನಕ ಎಣಿಸುವುದನ್ನು ಕಲಿಸುತ್ತಾರೆ. ಹೆಬ್ಬೆರಳು 1, ತೋರುಬೆರಳು 2, ನಡುಬೆರಳು 4, ಉಂಗುರಬೆರಳು 8, ಕಿರುಬೆರಳು 16. ಎದ್ದಿರುವ ಬೆರಳುಗಳ ಬೆಲೆ ಕೂಡಿಸಿದರೆ ಸಂಖ್ಯೆ ಬಂತು. ಮಗಳು ಇದನ್ನು ಪ್ರಯೋಗ ಮಾಡಿದ್ದು ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಮನೆಗೆ ಬರುವ ಸ್ಲೋ ಲೋಕಲ್‌ನಲ್ಲಿ. ಒಂದೊಂದು ಸ್ಟೇಷನ್ನಿಗೂ ಬೆರಳು ಬದಲಾಗುತ್ತಿತ್ತು. ಬೈಕುಲಾ ನಾಲ್ಕನೆಯದು. ನಡುಬೆರಳೊಂದೇ ಎದ್ದು ನಿಂತಿತು. ಎದುರಿಗೆ ಕೂತಿದ್ದ ಹೆಂಗಸು ಹುಬ್ಬೇರಿಸಿದರು, ನಾನು ಪಕ್ಕನೆ ಅವಳ ಕೈ ಅದುಮಿದೆ. ಡೊಂಬಿವಲಿ ಬಂದಾಗ ಎದ್ದಿದ್ದು ಉಂಗುರಬೆರಳು, ಕಿರುಬೆರಳು. ಸರಿಯಾಗಿ 24. ಶಾಲೆಯಲ್ಲಿ ಬೈನರಿ ಪಾಠ ಬಂದಾಗ ಅವಳಿಗೆ ಕಷ್ಟವೇ ಆಗಲಿಲ್ಲ.

ಕಿರಿಕಿರಿಯೂ ಇದೆ. ಪುಟದ ಅಡಿಯಲ್ಲಿ ಲೇಖಕರ ತಮಾಷೆ ಮಾತು ಇರುತ್ತದೆ, ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಮೊದಲು ಚೆನ್ನಾಗಿಯೇ ಓದುತ್ತಿದ್ದೆ, ಈಗ ಕನ್ನಡಕ ಇದ್ದರೂ ಅಲುಗಾಡುವ ಗಾಡಿಯಲ್ಲಿ ಆಗಲ್ಲ. ಆದರೆ ಬಿಟ್ಟು ಓದಿದರೆ ಅರ್ಧ ನಗು ಹೋಯಿತು. 2018ರಲ್ಲಿ ಹೆಂಡರ್ಸನ್ ಬಿಟ್ಟರು, ಡೆರೆಕ್ ಚಾರ್ಮ್ ಬಂದರು. ಚಿತ್ರ ನುಣುಪಾಯಿತು, ನನಗೆ ಹಳೆಯದೇ ಸೈ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ರತಿಯ ಹಾಳೆಗಳು ತಿಂಗಳಲ್ಲೇ ಕಿತ್ತು ಬಂದವು. ಫೆವಿಕಾಲ್ ಹಾಕಿ ಕೂರಿಸಿದ್ದೇವೆ.

ಕೊಳ್ಳುವವರಿಗೆ ಒಂದು ಮಾತು. 2015ರಲ್ಲೇ ಎರಡು ಸಲ ಒಂದನೇ ಸಂಚಿಕೆ ಬಂದಿದೆ. ಮೊದಲ ಸರಣಿ 8 ಸಂಚಿಕೆ, ಎರಡನೆಯದು 50, ಅದು ಮುಗಿದಿದ್ದು 2019ರಲ್ಲಿ. ಬಿಡಿ ಸಂಚಿಕೆ ಬೇಡ, ಸಂಪುಟಗಳನ್ನೇ ಒಂದರಿಂದ ತಗೊಳ್ಳಿ. 2017ರಲ್ಲಿ ಹದಿಹರೆಯದವರ ವಿಭಾಗದಲ್ಲಿ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಸಿಕ್ಕಿದೆ, ಆದರೆ ದೊಡ್ಡವರೂ ಓದಬಹುದು.

ನಮ್ಮ ಅತ್ತೆಗೆ ಇಂಗ್ಲಿಷ್ ಬರಲ್ಲ. ಮಗಳು ಚಿತ್ರ ತೋರಿಸಿ ಕನ್ನಡದಲ್ಲಿ ಹೇಳುತ್ತಾಳೆ. ಡೊರೀನ್‌ಳ ಅಳಿಲು ಟಿಪ್ಪಿ-ಟೋವನ್ನು ನೋಡಿ ಅವರು ಮೊದಲ ದಿನ ಕೇಳಿದ್ದು ಒಂದೇ: “ಇದರ ಬೆನ್ನ ಮೇಲೆ ಮೂರು ಗೆರೆ ಎಲ್ಲಿ?”

“ಅದು ಅಮೆರಿಕದ ಅಳಿಲು ಅಜ್ಜಿ, ರಾಮ ಅಲ್ಲಿಗೆ ಹೋಗಿರಲಿಲ್ಲ.”