ಕೆಕ್ಕರಿಕೆ ಬೀಜ ಅಂತ ಸಾಂಬಾರ್ ಸೌತೆ ಬೀಜ ಕಳಿಸಿದರು, ತಪ್ಪನ್ನು ಪಕ್ಕದ ಮನೆ ಬಳ್ಳಿಯ ಮೇಲೆ ಹಾಕಿದರು

ಆನ್‌ಲೈನ್‌ನಲ್ಲಿ ನಾಟಿ ಹಣ್ಣಿನ ಬೀಜ ತರಿಸುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಕೆಕ್ಕರಿಕೆ, ಇಬ್ಬುಡ್ಲ, ಹಳೇ ಕಾಲದ ಕರಬೂಜ ಅಂತ ಹುಡುಕುತ್ತಿರುವವರು. ದುಡ್ಡು ಕೊಟ್ಟು, ಮೂರು ತಿಂಗಳು ಕಾದು, ಪಕ್ಕದ ಮನೆಯವರ ಮನಸ್ಸು ನೋಯಿಸಿ, ಕೊನೆಗೆ ನಾನು ಕೊಯ್ದದ್ದು ಸಾಂಬಾರ್ ಸೌತೆಕಾಯಿ. ಹೌದು, ಸಾಂಬಾರ್ ಸೌತೆ. ತರಕಾರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತಲ್ಲ, ಅದೇ.

ನಮ್ಮಮ್ಮ ನಂಜನಗೂಡು ಕಡೆಯವರು. ಚಿಕ್ಕವರಿದ್ದಾಗ ಹೊಲದ ಕೆಕ್ಕರಿಕೆ ತಿಂದು ಬೆಳೆದವರು. ಹಣ್ಣಾದರೆ ತಾನೇ ಬಿರಿದು ಬಾಯಿ ಬಿಡುತ್ತೆ, ಮನೆಯೆಲ್ಲ ಘಮ್ ಅನ್ನುತ್ತೆ, ಒಳಗೆ ಹಿಟ್ಟು ಹಿಟ್ಟಾಗಿರುತ್ತೆ, ಅಷ್ಟು ಸಿಹಿ ಇರಲ್ಲ, ಬೆಲ್ಲ ಹಾಕಿಕೊಂಡು ತಿನ್ನಬೇಕು. ಕೊಯ್ದು ಎರಡು ದಿನಕ್ಕೆ ಹಾಳಾಗುತ್ತೆ, ಅದಕ್ಕೇ ದೂರದ ಮಾರ್ಕೆಟ್ಟಿಗೆ ಬರಲ್ಲ. ಈಗ ಅಮ್ಮನಿಗೆ 76. ಪ್ರತಿ ಬೇಸಿಗೆ ಒಂದು ಸಲ ಆ ಹಣ್ಣಿನ ಮಾತು ಎತ್ತುತ್ತಾರೆ. ಮೈಸೂರಿನ ಮನೆ ಹಿಂದೆ ನಮಗೆ ಸ್ವಲ್ಪ ಜಾಗ ಇದೆ, ಬೆಳೆದೇ ಕೊಡೋಣ ಅಂತ ಮನಸ್ಸು ಮಾಡಿದೆ.

ಹುಡುಕಿದಾಗ ಸಿಕ್ಕಿದ ಮಾರಾಟಗಾರರು ಇವರು. ಹೆಸರು ಹಾಕಲ್ಲ. "ಅಳಿವಿನಂಚಿನ ದೇಸಿ ಬೀಜ ಉಳಿಸುತ್ತಿದ್ದೇವೆ" ಅಂತ ಬರೆದುಕೊಂಡಿದ್ದರು. ಬಾಳೆ ಎಲೆಯ ಮೇಲೆ ಬಿರಿದ ಕೆಕ್ಕರಿಕೆಯ ಫೋಟೋ. ಅದನ್ನು ಅಮ್ಮನಿಗೆ ತೋರಿಸಿದೆ, "ಇದೇ ಕಣೇ" ಅಂದರು. 10 ಬೀಜಕ್ಕೆ 280 ರೂಪಾಯಿ, ಎರಡು ಪ್ಯಾಕೆಟ್, ಕೊರಿಯರ್ 70, ಒಟ್ಟು 630. ನೇರವಾಗಿ ಫೋನ್ ನಂಬರಿಗೆ ದುಡ್ಡು ಹಾಕಿದೆ. ಪ್ಯಾಕೆಟ್ ಮೇಲೆ ಏನೂ ಬರೆದಿರಲಿಲ್ಲ. ಸಾದಾ ಬೀಜದ ಪ್ಯಾಕೆಟ್ ಮೇಲೂ ಲಾಟ್ ನಂಬರ್, ಪರೀಕ್ಷೆ ಮಾಡಿದ ದಿನ, ನೂರಕ್ಕೆ ಎಷ್ಟು ಮೊಳೆಯುತ್ತೆ ಅಂತ ಇರುತ್ತೆ ಅಲ್ವಾ? ಕೇಳಿದೆ. ಬಂದ ಉತ್ತರ: "ಅಕ್ಕಾ, ನಾಟಿ ಬೀಜಕ್ಕೆ ಲೇಬಲ್ ಬೇಕಿಲ್ಲ. ರೈತರಿಗೆ 2001ರ ಕಾನೂನಿನಲ್ಲೇ ಹಕ್ಕು ಇದೆ." ಆ ಕಾನೂನು ಇರುವುದು ನಿಜ. ರೈತರು ತಾವು ಬೆಳೆದ ಬೀಜ ಇಟ್ಟುಕೊಳ್ಳಬಹುದು, ಹಂಚಬಹುದು, ಬ್ರ್ಯಾಂಡ್ ಹಾಕದೆ ಮಾರಬಹುದು. ಆದರೆ ಕೊರಿಯರ್ ಕವರ್ ಮೇಲೆ ಇದ್ದದ್ದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ವಿಳಾಸ. ಅಲ್ಲಿ ಯಾವ ಹೊಲ ಇದೆ? ಅದನ್ನು ಆಗಲೇ ಕೇಳಬೇಕಿತ್ತು. "ಅಕ್ಕಾ" ಅಂದರು, ನಂಬಿಬಿಟ್ಟೆ.

ಜನವರಿ ಮೊದಲ ವಾರ ಬಿತ್ತಿದೆ. ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ, ಗುಂಡಿಗೆ ಎರಡೆರಡು ಬೀಜ. 20ರಲ್ಲಿ 16 ಮೊಳೆತವು. ಆರು ಗಿಡ ಉಳಿಸಿಕೊಂಡು ಉಳಿದದ್ದು ಕಿತ್ತೆ. ಚಪ್ಪರ ಕಟ್ಟಿಸಿದೆ, ಅದಕ್ಕೇ ಬೀಜಕ್ಕಿಂತ ಜಾಸ್ತಿ ಖರ್ಚಾಯಿತು. ಮೊದಲು ಬರೀ ಗಂಡು ಹೂವು, ಆಮೇಲೆ ಕೆಳಗೆ ಪುಟ್ಟ ಕಾಯಿ ಇರುವ ಹೆಣ್ಣು ಹೂವು ಬಂದವು. ಬೆಳಗ್ಗೆ ಬೇಗ ಎದ್ದು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದೆ. ಹಣ್ಣು ನೊಣ ಚುಚ್ಚದಿರಲಿ ಅಂತ ಪ್ರತಿ ಕಾಯಿಗೂ ಪೇಪರ್ ಸುತ್ತಿದೆ. ಭಾರಕ್ಕೆ ತೊಟ್ಟು ಕಳಚದಿರಲಿ ಅಂತ ಅಮ್ಮನ ಹಳೇ ಹತ್ತಿ ಸೀರೆ ಹರಿದು ಒಂದೊಂದು ಕಾಯಿಗೂ ತೊಟ್ಟಿಲ ಥರ ಕಟ್ಟಿದೆ. 11 ಕಾಯಿ. ಎಣಿಸಿಕೊಂಡೇ ಇದ್ದೆ.

ಕಾಯಿ ಮುಷ್ಟಿ ಗಾತ್ರ ಇದ್ದಾಗಲೇ ಅಮ್ಮ ಹೇಳಿದರು, "ಪಟ್ಟೆ ನೋಡಿದ್ರೆ ಸಾಂಬಾರ್ ಸೌತೆ ಇದ್ದಂಗಿದೆ ಕಣೇ." ನಾನು "ಸುಮ್ನಿರಮ್ಮ" ಅಂದುಬಿಟ್ಟೆ. ಆದರೂ ಮನಸ್ಸು ತಡೆಯದೆ ಆ ಮಾರಾಟಗಾರರಿಗೆ ಫೋಟೋ ಕಳಿಸಿದೆ. "ಅಕ್ಕಾ, ನಮ್ಮ ತಳಿಗೂ ಪಟ್ಟೆ ಇರುತ್ತೆ, ಹಣ್ಣಾದಾಗ ನೋಡಿ, ನೀವೇ ಫೋನ್ ಮಾಡ್ತೀರಾ" ಅಂದರು. ಅದನ್ನೇ ಅಮ್ಮನಿಗೆ ಓದಿ ಹೇಳಿದೆ. ಇಡೀ ಜೀವನ ಹೊಲ ನೋಡಿದವರಿಗೆ ನಾನು ವಾಟ್ಸಾಪ್ ಓದಿ ಹೇಳಿದೆ!

ಮಾರ್ಚ್ ಕೊನೆಗೆ ಕಾಯಿ ಹಳದಿಯಾದವು. ಬಿರಿಯುತ್ತೆ ಅಂತ ಕಾದೆ. ಬಿರಿಯಲಿಲ್ಲ. ಬೆಳಗ್ಗೆ ಸಂಜೆ ಹೋಗಿ ಮೂಸಿ ನೋಡಿದೆ. ವಾಸನೆಯೇ ಇಲ್ಲ. ಇನ್ನೂ ಎರಡು ದಿನ, ಇನ್ನೂ ಎರಡು ದಿನ ಅಂತ ವಾರ ಕಳೆಯಿತು. ಕೊನೆಗೆ ಒಂದನ್ನು ಕಿತ್ತು ಅಡುಗೆಮನೆಗೆ ತಂದೆ. ಕೆಕ್ಕರಿಕೆ ಹಣ್ಣಾದರೆ ಕೈಯಲ್ಲೇ ಬಿಡಿಸಬಹುದು. ಇದಕ್ಕೆ ಚಾಕು ಒತ್ತಿ ಹಿಡಿಯಬೇಕಾಯಿತು, ಕಚಕ್ ಅಂತು. ಒಳಗೆ ಬಿಳೀ ತಿರುಳು, ಗಟ್ಟಿ, ನಡುವೆ ಲೋಳೆಯಲ್ಲಿ ಅಂಟಿಕೊಂಡ ಬೀಜ. ಬಾಯಿಗೆ ಹಾಕಿದರೆ ನೀರು ನೀರು, ಸ್ವಲ್ಪ ಹುಳಿ. ಅಮ್ಮ ಬೆಲ್ಲ ತುರಿದು ಬಟ್ಟಲಲ್ಲಿ ಇಟ್ಟುಕೊಂಡು ಕೂತಿದ್ದರು. ಒಂದು ತುಂಡು ತಗೊಂಡು ಅಗಿದರು. "ಪರವಾಗಿಲ್ಲ ಬಿಡು" ಅಂದರು, ಬೆಲ್ಲದ ಬಟ್ಟಲು ಮುಚ್ಚಿಟ್ಟರು. ಆ ಬಟ್ಟಲು ಮುಚ್ಚಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ಅವರ ಉತ್ತರಗಳನ್ನು ಕೇಳಿ. ಒಂದೊಂದನ್ನೂ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇದನ್ನೇ ಹೇಳುತ್ತಾರೆ. ಮೊದಲು, "ನೀರು ಜಾಸ್ತಿ ಕೊಟ್ಟಿದ್ದೀರಾ ಅನ್ಸುತ್ತೆ." ಇಲ್ಲ ಅಂದೆ. "ಯೂರಿಯಾ ಹಾಕಿದ್ರಾ? ದೇಸಿ ಬೀಜಕ್ಕೆ ಆಗಲ್ಲ." ಒಂದು ಚಮಚವೂ ಹಾಕಿಲ್ಲ ಅಂದೆ. "ಇನ್ನೂ ಹತ್ತು ದಿನ ಬಿಡಬೇಕಿತ್ತು." ಆಮೇಲೆ ಅರ್ಧ ಗಂಟೆ ಬಿಟ್ಟು ಒಂದು ಪ್ರಶ್ನೆ, "ಅಕ್ಕಾ, ಅಕ್ಕಪಕ್ಕ ಯಾರಾದ್ರೂ ಸೌತೆ ಹಾಕಿದ್ದಾರಾ?"

ಹಾಕಿದ್ದರು. ಪಕ್ಕದ ಮನೆ ಆಂಟಿ ಉಡುಪಿ ಕಡೆಯವರು. ಅವರ ಕಾಂಪೌಂಡ್ ಮೇಲೆ ಸಾಂಬಾರ್ ಸೌತೆ ಬಳ್ಳಿ ಹಬ್ಬಿತ್ತು, ಅವರು ಅದನ್ನು ಬರೀ ಸೌತೆ ಅನ್ನುತ್ತಾರೆ. ನಾನು ಹೌದು ಅಂದೆ. ಅಷ್ಟೇ ಸಾಕಾಯಿತು. "ಅದೇ ನೋಡಿ ಅಕ್ಕಾ! ಪರಾಗ ಮಿಕ್ಸ್ ಆಗಿದೆ. ಜೇನು ಅಲ್ಲಿಂದ ಇಲ್ಲಿಗೆ ತಂದಿದೆ. ನಮ್ಮ ಬೀಜ ಶುದ್ಧ. ಆ ಬಳ್ಳಿ ತೆಗೆಸಿ, ಮುಂದೆ ಬಿಡೋ ಹೂವಿಗೆ ನಿಜವಾದ ಕೆಕ್ಕರಿಕೆ ಬರುತ್ತೆ." ಅವರಿಗೆ ಬೇಕಾದ ನೆಪವನ್ನು ನಾನೇ ಕೈಯಾರೆ ಕೊಟ್ಟೆ.

ನಂಬಿದೆ. ನಂಬಿ ಆಂಟಿಯ ಮನೆಗೆ ಹೋದೆ. ನಯವಾಗಿ ಕೇಳಿದೆ ಅಂತ ಅಂದುಕೊಂಡಿದ್ದೆ, ಆದರೆ "ನಿಮ್ಮ ಬಳ್ಳಿಯಿಂದ ನಮ್ಮ ಹಣ್ಣೆಲ್ಲ ಹಾಳಾಯ್ತು ಆಂಟಿ" ಅಂತ ಹೇಳಿದ್ದು ನಾನೇ. ಅವರು ಒಂದು ನಿಮಿಷ ಸುಮ್ಮನಿದ್ದರು. "ನಿನ್ನ ಅಮ್ಮನಿಗೆ ಹಣ್ಣು ಸಿಗಲಿ ಮಾರಾಯ್ತಿ" ಅಂದು, ಮರುದಿನ ಬೆಳಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ಬಳ್ಳಿ ಕಿತ್ತು ಹಾಕಿದ್ದರು. ಅದರಲ್ಲಿ ಎಳೇ ಮಿಡಿಗಳಿದ್ದವು.

ರಾಮನವಮಿಗೆ ಅಣ್ಣನ ಮಗಳು ಬಂದಳು. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಪಾನಕಕ್ಕೆ ಅಂಗಡಿಯ ಕರಬೂಜ ಹೆಚ್ಚುತ್ತಾ ನನ್ನ ಕಥೆ ಹೇಳಿದೆ, ಪರಾಗದ ವಿಷಯವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಅತ್ತೆ, ರಸಪುರಿ ಮರದ ಹೂವಿಗೆ ಬಾದಾಮಿ ಮಾವಿನ ಪರಾಗ ಬಿದ್ದರೆ ಆ ಮರದಲ್ಲಿ ಬಾದಾಮಿ ಬಿಡುತ್ತಾ?" ಅಂದಳು. ಇಲ್ಲ, ರಸಪುರಿನೇ ಬಿಡೋದು. "ಇದೂ ಅಷ್ಟೇ. ಸಿಪ್ಪೆ, ತಿರುಳು ಎರಡೂ ತಾಯಿ ಗಿಡದ್ದು. ಮಿಕ್ಸ್ ಆಗಿದ್ರೆ ಅದು ಒಳಗಿನ ಬೀಜದಲ್ಲಿರುತ್ತೆ. ಆ ಬೀಜ ಬಿತ್ತಿದ್ರೆ ಮುಂದಿನ ಸಲದ ಹಣ್ಣಲ್ಲಿ ಗೊತ್ತಾಗುತ್ತೆ. ಈ ಸಲ ಸಾಂಬಾರ್ ಸೌತೆ ಬಿಟ್ಟಿದೆ ಅಂದ್ರೆ ಅವರು ಕೊಟ್ಟಿದ್ದೇ ಸಾಂಬಾರ್ ಸೌತೆ ಬೀಜ."

ನನಗೆ ಮೈಯೆಲ್ಲ ಬಿಸಿಯಾಯಿತು. ಎಷ್ಟು ಸರಳ ವಿಷಯ! ಮಾವಿನ ತೋಪು ನೋಡಿದವರಿಗೆಲ್ಲ ಗೊತ್ತಿರುವ ವಿಷಯ.

ಅವಳು ಇನ್ನೊಂದು ಹೇಳಿದಳು. ಸಾಂಬಾರ್ ಸೌತೆಗೆ ಹೆಸರು ಸೌತೆ, ಆದರೆ ಅದು ಕರಬೂಜ, ಕೆಕ್ಕರಿಕೆ ಜಾತಿಯದೇ. ಕೋಸಂಬರಿಗೆ ಹಾಕುವ ಸೌತೆ ಬೇರೆ, ಅದರ ಜೊತೆ ಕೆಕ್ಕರಿಕೆ ಮಿಕ್ಸ್ ಆಗುವುದೇ ಇಲ್ಲ. ಸಾಂಬಾರ್ ಸೌತೆ ಜೊತೆ ಆಗುತ್ತೆ, ಎರಡರ ಬೀಜವೂ ನೋಡಲು ಒಂದೇ ಥರ, ಬೆಳ್ಳಗೆ ಚಪ್ಪಟೆ. ಅದಕ್ಕೇ ಈ ಮೋಸ ಇಷ್ಟು ಸುಲಭ. ಒಂದು ಸಾಂಬಾರ್ ಸೌತೆಯಲ್ಲಿ ಎಷ್ಟು ಬೀಜ ಇರುತ್ತೆ ಅಂತ ಹೆಚ್ಚಿದವರಿಗೆ ಗೊತ್ತು. ಬೀಜಕ್ಕೆ 28 ರೂಪಾಯಿ ಲೆಕ್ಕ ಹಾಕಿ ನೋಡಿ.

ಬಾಳೆ ಎಲೆಯ ಫೋಟೋವನ್ನೂ ಅವಳು ಐದು ನಿಮಿಷದಲ್ಲಿ ಹುಡುಕಿ ತೋರಿಸಿದಳು. ಬೇರೆ ಯಾರೋ ವರ್ಷಗಳ ಹಿಂದೆ ಹಾಕಿದ್ದ ಫೋಟೋ ಅದು. ಇದೇ ಮಾರಾಟಗಾರರು ಈಗ ನೀಲಿ ತಿರುಳಿನ ಕಲ್ಲಂಗಡಿ ಬೀಜ ಅಂತಲೂ ಹಾಕಿದ್ದಾರೆ. ಕಲ್ಲಂಗಡಿ ಒಳಗೆ ಕೆಂಪು, ಹಳದಿ, ಕಿತ್ತಳೆ, ಬಿಳಿ ಇರುತ್ತೆ. ನೀಲಿ ಇಲ್ಲ. ಆ ಫೋಟೋಗಳೆಲ್ಲ ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದ್ದು. ಅದರ ಕೆಳಗೂ ಜನ ರೇಟ್ ಕೇಳುತ್ತಿದ್ದಾರೆ.

ಮಾವಿನ ಮಾತನ್ನೇ ಅವರಿಗೆ ಬರೆದು ಕಳಿಸಿದೆ. ಅಲ್ಲಿಯವರೆಗೆ "ಅಕ್ಕಾ" ಆಗಿದ್ದವಳು ಒಮ್ಮೆಗೇ "ಮೇಡಂ" ಆದೆ. "ಮೇಡಂ, ದೇಸಿ ಬೀಜ ಅಂದ್ರೆ ಪ್ರಕೃತಿ. ಗ್ಯಾರಂಟಿ ಬೇಕಿದ್ರೆ ಕಂಪನಿ ಹೈಬ್ರಿಡ್ ತಗೊಳ್ಳಿ." ನಾನು ಗ್ಯಾರಂಟಿ ಕೇಳಿದೆನಾ? ಕೆಕ್ಕರಿಕೆ ಕೇಳಿದೆ! ದುಡ್ಡು ವಾಪಸ್ ಕೊಡಿ ಅಂದೆ. "630 ರೂಪಾಯಿಗೆ ಇಷ್ಟೊಂದಾ ಮೇಡಂ" ಅಂತ ಒಂದು ಮೆಸೇಜು, ಆಮೇಲೆ ಬ್ಲಾಕ್. ಅವರ ಪೇಜಿನಲ್ಲಿ ನಾನು ಹಾಕಿದ ಕಾಮೆಂಟೂ ಮಾಯ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚಾಟ್, ದುಡ್ಡು ಕಳಿಸಿದ ರಸೀದಿ ಎಲ್ಲಾ ಇಟ್ಟುಕೊಂಡಿದ್ದೆ, ನೀವೂ ಇಟ್ಟುಕೊಳ್ಳಿ.

ಬೀಜ ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಯಾರ ಹಣ್ಣು ತಿಂದಿದ್ದೀರೋ ಅವರ ಹತ್ತಿರ ಮಾತ್ರ ಬೀಜ ತಗೊಳ್ಳಿ. ಹಣ್ಣೇ ಕೊಂಡು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೇದು, ಆದರೆ ಅವರ ಹೊಲದ ಹತ್ತಿರ ಸಾಂಬಾರ್ ಸೌತೆ, ಕರಬೂಜ ಇತ್ತಾ ಅಂತ ಕೇಳಿ. ಸಿಹಿ ಕರಬೂಜ ಸಾಕು ಅನ್ನುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜೀತ್ ಥರದ ತಳಿ ಹಾಕಬಹುದು, ಅದು ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು. ಆನ್‌ಲೈನ್‌ನಲ್ಲಿ "ಅಕ್ಕಾ" ಅನ್ನುವವರಿಗೆ ಮೊದಲೇ ದುಡ್ಡು ಹಾಕಬೇಡಿ. "ಪರಾಗ ಮಿಕ್ಸ್ ಆಗಿದೆ" ಅಂದರೆ ಮಾವಿನ ಮರದ ಪ್ರಶ್ನೆ ಕೇಳಿ.

ಆಂಟಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆಗ ಗೊತ್ತಾಯಿತು, ಅವರು ಕಿತ್ತು ಹಾಕಿದ ಬಳ್ಳಿಯ ಬೀಜ ಅವರ ತವರುಮನೆಯದು. ಅವರ ಅಮ್ಮ ಸೌತೆಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿ ಮಳೆಗಾಲಕ್ಕೆ ಇಡುತ್ತಿದ್ದರಂತೆ, ಆ ಸಾಲಿನ ಬೀಜ. ನಿಜವಾದ ನಾಟಿ ಬೀಜದ ಬಳ್ಳಿಯನ್ನು ನಾನು ಅಂಗಡಿ ಬೀಜಕ್ಕೋಸ್ಕರ ಕೀಳಿಸಿದೆ. "ಡಬ್ಬಿಯಲ್ಲಿ ಇನ್ನೂ ಬೀಜ ಉಂಟು, ತಲೆಬಿಸಿ ಮಾಡಬೇಡ" ಅಂದರು. ಈ ಸಲ ನಮ್ಮ ಚಪ್ಪರದ ಅರ್ಧ ಅವರಿಗೆ ಬಿಟ್ಟುಕೊಟ್ಟಿದ್ದೇನೆ.

ನಂಜನಗೂಡು, ತಿ. ನರಸೀಪುರ ಕಡೆ ಯಾರ ಹೊಲದಲ್ಲಾದರೂ ನಿಜವಾದ ಕೆಕ್ಕರಿಕೆ ಇದ್ದರೆ ತಿಳಿಸಿ. ಬೀಜ ಬೇಡ, ಹಣ್ಣಿಗೇ ಬರುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ಬಿರಿದಿದ್ದನ್ನು ಅವರೇ ನೋಡಿ ತಗೊಳ್ಳಲಿ.