ಏರ್‌ಪೋರ್ಟ್ ಬಣ್ಣದ ನಕ್ಷೆ: ಮಹಡಿ ಲೆಕ್ಕಕ್ಕೆ ಎಷ್ಟು ನಂಬಬಹುದು?

ವಿಮಾನ ನಿಲ್ದಾಣದ ಸುತ್ತ ಅಪಾರ್ಟ್‌ಮೆಂಟ್ ಕಟ್ಟುವವರು ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ), ರಸ್ತೆ ಅಗಲಕ್ಕಿಂತ ಮೊದಲು ನೋಡಬೇಕಾದದ್ದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕಲರ್ ಕೋಡೆಡ್ ಝೋನಿಂಗ್ ಮ್ಯಾಪ್. ಇದರಲ್ಲಿ ಚೌಕಕ್ಕೊಂದು ಬಣ್ಣ, ಬಣ್ಣಕ್ಕೊಂದು ಗರಿಷ್ಠ ಎತ್ತರ. ಅದರೊಳಗಿದ್ದರೆ ಪಾಲಿಕೆಯೇ ಪ್ಲಾನ್ ಮಂಜೂರು ಮಾಡಬಹುದು. ಕೆಂಪು ಚೌಕವಾದರೆ ಪ್ರಾಧಿಕಾರದ ನೋಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಲೇಬೇಕು. ಸೈಟ್ ಕೊಳ್ಳುವ ಮೊದಲೇ ಇಷ್ಟು ತಿಳಿಯುವುದು ದೊಡ್ಡ ಉಪಕಾರ.

ಎಡವುವುದು ಅಂಕಿ ಓದುವಾಗ. ಅಲ್ಲಿರುವುದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ, ಕಟ್ಟಡದ್ದಲ್ಲ. ಚೌಕದಲ್ಲಿ 145 ಮೀಟರ್ ಇದೆ ಎನ್ನಿ. ಮಂಗಳೂರಿನಂಥ ಗುಡ್ಡದ ಊರಲ್ಲಿ 20 ಮೀಟರ್ ಮಟ್ಟದ ತಗ್ಗಿನ ಸೈಟಿಗೆ 125 ಮೀಟರ್ ಸಿಕ್ಕಿದರೆ, 85 ಮೀಟರ್ ಮಟ್ಟದ ಗುಡ್ಡದ ಸೈಟಿಗೆ ಸಿಗುವುದು 60 ಮಾತ್ರ. ಓವರ್‌ಹೆಡ್ ಟ್ಯಾಂಕ್, ಲಿಫ್ಟ್ ರೂಮ್, ಆಂಟೆನಾ, ಸಿಡಿಲು ತಡೆಯುವ ಕಂಬಿ ಎಲ್ಲವೂ ಅದರೊಳಗೇ ಬರಬೇಕು. ನೆಲದ ಮಟ್ಟವನ್ನೂ ನಕ್ಷೆಯಲ್ಲೇ ತೋರಿಸಿದ್ದರೆ ಎಷ್ಟೋ ಜನ ಈ ಲೆಕ್ಕ ತಪ್ಪುತ್ತಿರಲಿಲ್ಲ. ಇದು ನಿಜವಾದ ಕೊರತೆ.

ಸರ್ವೇಯಲ್ಲಿ ಇನ್ನೊಂದು ಗುಂಡಿಯಿದೆ. ಡಿಜಿಪಿಎಸ್ (ಸರ್ವೇಗೆ ಬಳಸುವ ನಿಖರ ಜಿಪಿಎಸ್) ನೇರವಾಗಿ ಕೊಡುವುದು ಎಲಿಪ್ಸಾಯ್ಡ್ ಎತ್ತರ, ಅಂದರೆ ಭೂಮಿಯ ನಯವಾದ ಗಣಿತದ ಆಕಾರದಿಂದ ಅಳೆದದ್ದು. ನಮ್ಮ ದಕ್ಷಿಣದಲ್ಲಿ ಅದು ಸಮುದ್ರ ಮಟ್ಟದ ಲೆಕ್ಕಕ್ಕಿಂತ 80 ಮೀಟರಿಗೂ ಹೆಚ್ಚು ಕೆಳಗೆ ತೋರಿಸುತ್ತದೆ. ಕರಾವಳಿಯಲ್ಲಾದರೆ ಮೈನಸ್ ಅಂಕಿ ಬಂದು ತಪ್ಪು ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ 900ರ ಬದಲು 815 ಬಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಹಾಗಾಗಿ ಸರ್ವೇ ಆಫ್ ಇಂಡಿಯಾ ಬೆಂಚ್‌ಮಾರ್ಕ್‌ನಿಂದ (ಸಮುದ್ರ ಮಟ್ಟದಿಂದ ಎತ್ತರ ಗೊತ್ತುಮಾಡಿದ ಸ್ಥಿರ ಗುರುತು) ಲೆವೆಲ್ ತನ್ನಿ. ಮಣ್ಣು ತುಂಬಿಸುವ ಯೋಚನೆಯಿದ್ದರೆ ಅದೂ ಕಟ್ಟಡದ ಪಾಲಿನ ಎತ್ತರವನ್ನೇ ತಿನ್ನುತ್ತದೆ.

ಅರ್ಜಿಯಲ್ಲಿ ಸೈಟಿನ ಮೂಲೆಗಳ ಅಕ್ಷಾಂಶ, ರೇಖಾಂಶಗಳನ್ನು ಡಬ್ಲ್ಯುಜಿಎಸ್-84ರಲ್ಲಿ (ಜಿಪಿಎಸ್ ಬಳಸುವ ನಿರ್ದೇಶಾಂಕ ಪದ್ಧತಿ) ಕೊಡಬೇಕು. ಸೆಕೆಂಡನ್ನು ದಶಮಾಂಶ ಬಿಟ್ಟು ಬರೆಯಬೇಡಿ. ಅಕ್ಷಾಂಶದ ಒಂದು ಸೆಕೆಂಡ್ ಎಂದರೆ ಸುಮಾರು 31 ಮೀಟರ್. ರನ್‌ವೇಯಿಂದ 4 ಕಿ.ಮೀ. ದಾಟಿದ ಮೇಲೆ ಮಿತಿ 20 ಮೀಟರಿಗೆ 1 ಮೀಟರಿನಂತೆ ಏರುವ ಭಾಗದಲ್ಲಿ, ಅಷ್ಟು ಜರುಗಿದರೆ ಎತ್ತರ ಒಂದೂವರೆ ಮೀಟರ್ ಬದಲಾಗುತ್ತದೆ. ಮೇಲಿನ ಮಹಡಿಯನ್ನೇ ಬಿಡಬೇಕಾಗಿ ಬರಲು ಅಷ್ಟು ಸಾಕು.

ಬೆಂಗಳೂರಿನವರಿಗೆ ಒಂದು ಮಾತು: ಯಲಹಂಕ ವಾಯುಪಡೆ ನೆಲೆ, ಎಚ್‌ಎಎಲ್ ನಿಲ್ದಾಣಗಳ ಹತ್ತಿರ ಆಯಾ ಸಂಸ್ಥೆಯಿಂದಲೇ ಎನ್‌ಒಸಿ ತರಬೇಕು. ದೇವನಹಳ್ಳಿ ವಿಮಾನ ನಿಲ್ದಾಣದ ನಕ್ಷೆಯ ಬಣ್ಣ ನೋಡಿ ಪಾಯ ತೆಗೆಯಬೇಡಿ.