ಮನೇಲಿ ಚಿಕ್ಕ ಮಗು ಇದೆಯಾ? ಡೈಫನ್‌ಬೇಕಿಯಾ ಗಿಡ ತರುವ ಮುಂಚೆ ಇದನ್ನು ಓದಿ

ಅಗಲವಾದ ಹಸಿರು ಎಲೆ, ಮಧ್ಯದಲ್ಲಿ ಬಿಳಿ ಅಥವಾ ತಿಳಿ ಹಳದಿ ಮಚ್ಚೆ, ಕಬ್ಬಿನ ಹಾಗೆ ಗೆಣ್ಣು ಗೆಣ್ಣಾದ ದಪ್ಪ ದಂಟು. ಮೈಸೂರಿನ ಬಹುತೇಕ ನರ್ಸರಿಗಳಲ್ಲಿ ಈ ಗಿಡ ಸಿಗುತ್ತದೆ. ಬ್ಯಾಂಕಿನಲ್ಲಿ, ಕ್ಲಿನಿಕ್ಕಿನಲ್ಲಿ, ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ನೀವೂ ನೋಡಿರುತ್ತೀರಿ. ಹೆಸರು ಡೈಫನ್‌ಬೇಕಿಯಾ. ಕೆಲವು ಕಡೆ ಡಂಬ್ ಕೇನ್ ಅಂತ ಮಾರುತ್ತಾರೆ. ಅಂಬೆಗಾಲಿಡುವ ಅಥವಾ ಈಗಷ್ಟೇ ನಡೆಯಲು ಕಲಿತ ಮಗು ಇರುವ ಮನೆಗೆ ಇದನ್ನು ದಯವಿಟ್ಟು ತರಬೇಡಿ. ಈಗಾಗಲೇ ಇದ್ದರೆ ಇವತ್ತೇ ಮಗುವಿನ ಕೈಗೆ ಸಿಗದ ಕಡೆ ಇಡಿ.

ನನ್ನ ತಮ್ಮ ವಿಜಯನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಹಾಲ್‌ಗೆ ನಾಲ್ಕಾರು ಗಿಡ ಬೇಕು ಅಂತ ನರ್ಸರಿಗೆ ಹೋದಾಗ, ಮನೇಲಿ ಒಂದೂವರೆ ವರ್ಷದ ಮಗಳಿದ್ದಾಳೆ ಅಂತ ಹೇಳಿಯೇ ಕೇಳಿದ್ದ. ಅಂಗಡಿಯವರು ಈ ಗಿಡವನ್ನೇ ಮುಂದಿಟ್ಟರು. ‘ಗಾಳಿ ಶುದ್ಧ ಮಾಡುತ್ತೆ ಸಾರ್, ಮಕ್ಕಳ ರೂಮಿಗೂ ಇಡಬಹುದು. ಬಿಸಿಲು ಬೇಡ, ವಾರಕ್ಕೊಂದು ಸಲ ನೀರು ಹಾಕಿದರೆ ಸಾಕು’ ಅಂದರಂತೆ. ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲೂ ಏರ್ ಪ್ಯೂರಿಫೈಯರ್ ಅಂತಲೇ ಇತ್ತು. ಇನ್ನೊಂದು ಅಕ್ಷರ ಇರಲಿಲ್ಲ.

ಈ ಗಿಡದ ಕೆಳಗಿನ ಎಲೆಗಳು ವಯಸ್ಸಾದಂತೆ ಹಳದಿಯಾಗಿ ಬಾಗುತ್ತವೆ. ಅದು ರೋಗವಲ್ಲ, ಅದರ ಸ್ವಭಾವ. ಬೆಳಕು ಕಡಿಮೆಯಾದರೆ, ನೀರು ಜಾಸ್ತಿಯಾದರೆ ಇನ್ನೂ ಬೇಗ ಹಳದಿಯಾಗುತ್ತವೆ. ಬಾಗಿದ ಎಲೆ ಸರಿಯಾಗಿ ಮಗುವಿನ ಮುಖದ ಎತ್ತರಕ್ಕೆ ಬರುತ್ತದೆ. ಪುಟ್ಟಿ ಅದನ್ನು ಎಳೆದು, ಎಲೆಯ ತೊಟ್ಟನ್ನು ಕಚ್ಚಿದಳು. ಅಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದರು. ಕಚ್ಚಿದ ಕ್ಷಣವೇ ಮಗು ಕಿರುಚಿತು. ಆಮೇಲೆ ಕಿರುಚಾಟ ಕೂಡ ಸರಿಯಾಗಿ ಬರಲಿಲ್ಲ, ದನಿ ಒಡೆದುಹೋಯಿತು. ಜೊಲ್ಲು ಸುರಿಯುತ್ತಲೇ ಇತ್ತು. ತುಟಿ, ನಾಲಿಗೆ ನಮ್ಮ ಕಣ್ಣೆದುರೇ ಊದಿಕೊಂಡವು. ಹತ್ತು ನಿಮಿಷ ಮನೆಯಲ್ಲಿ ಯಾರಿಗೂ ಕೈಕಾಲು ಆಡಲಿಲ್ಲ.

ಪಕ್ಕದ ಮನೆಯವರು ಓಡಿ ಬಂದು ‘ಉಪ್ಪು ನೀರು ಕುಡಿಸಿ, ವಾಂತಿ ಆಗಲಿ’ ಅಂದರು. ಅವರ ಕಾಳಜಿ ನಿಜ, ಆದರೆ ಆ ಸಲಹೆ ಅಪಾಯದ್ದು. ತಮ್ಮನ ಹೆಂಡತಿ ಆಗಲೇ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದ್ದಳು. ವಾಂತಿ ಮಾಡಿಸಲೇಬೇಡಿ ಅಂದರು ಅವರು. ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ, ಎಲೆಯ ಚೂರು ಉಳಿದಿದ್ದರೆ ತೆಗೆಯಿರಿ, ನುಂಗೋಕೆ ಆಗುತ್ತಿದ್ದರೆ ತಣ್ಣನೆಯ ಹಾಲು ಸ್ವಲ್ಪ ಸ್ವಲ್ಪ ಕೊಡಿ, ಆ ಎಲೆಯನ್ನೂ ಕವರಿನಲ್ಲಿ ಹಾಕಿಕೊಂಡು ತಕ್ಷಣ ಬನ್ನಿ ಅಂದರು. ಎಲೆ ತಂದಿದ್ದು ಬಹಳ ಉಪಯೋಗಕ್ಕೆ ಬಂತು. ನೋಡಿದ ಕೂಡಲೇ ಯಾವ ಗಿಡ ಅಂತ ಗೊತ್ತಾಯಿತು, ಬೇರೇನೋ ವಿಷ ಅಂತ ಹುಡುಕುವ ಗೋಜಿರಲಿಲ್ಲ. ಊತ ಗಂಟಲಿಗೆ ಇಳಿದು ಉಸಿರಿಗೆ ತೊಂದರೆ ಮಾಡುತ್ತದಾ ಅಂತ ಸಂಜೆವರೆಗೂ ಅಲ್ಲೇ ಇಟ್ಟುಕೊಂಡು ನೋಡಿದರು. ಪುಣ್ಯಕ್ಕೆ ಹಾಗಾಗಲಿಲ್ಲ. ಊತ ಪೂರ್ತಿ ಇಳಿಯುವವರೆಗೆ ಮಗು ತಣ್ಣನೆಯ ಹಾಲು, ನುಣ್ಣಗೆ ಕಿವುಚಿದ ಮೊಸರನ್ನ ಬಿಟ್ಟು ಬೇರೆ ಮುಟ್ಟಲಿಲ್ಲ.

ಕೆಸವಿನ ಎಲೆ, ಸುವರ್ಣಗೆಡ್ಡೆ ಗೊತ್ತಿದೆ ಅಲ್ವಾ? ಸುವರ್ಣಗೆಡ್ಡೆ ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಬೇಯಿಸುವಾಗ ಹುಣಸೆಹಣ್ಣು ಹಾಕುತ್ತೇವೆ. ಇಲ್ಲದಿದ್ದರೆ ಕೈ, ಗಂಟಲು ಎಲ್ಲಾ ತುರಿಕೆ. ಡೈಫನ್‌ಬೇಕಿಯಾ ಅದೇ ಕುಟುಂಬದ ಗಿಡ. ಮೂಲ ಅಮೆರಿಕ ಖಂಡದ ಉಷ್ಣವಲಯದ ಕಾಡು. ಇವುಗಳ ಎಲೆ, ದಂಟಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಗಳು ಕಟ್ಟು ಕಟ್ಟಾಗಿ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಜಗಿದಾಗ ಕೋಶ ಒಡೆದು ಸೂಜಿಗಳು ಚಿಮ್ಮಿ ನಾಲಿಗೆಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಆ ರಸ ಉರಿಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ತಿನ್ನುವ ಗೆಡ್ಡೆಯ ತುರಿಕೆಯನ್ನು ಅಡುಗೆಯಲ್ಲಿ ತೆಗೆಯುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹಾಲ್‌ನಲ್ಲಿ ಅಲಂಕಾರಕ್ಕೆ ಇಟ್ಟ ಗಿಡವೂ ಅದೇ ಬಳಗದ್ದು ಅಂತ ಮಾರುವವರು ಹೇಳಬೇಕು ತಾನೇ?

ಈ ಗಿಡದ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ. ಮಗು ತಿಂದರೆ ಒಂದು ನಿಮಿಷದಲ್ಲಿ ಸಾಯುತ್ತದೆ, ದೊಡ್ಡವರು ಹದಿನೈದು ನಿಮಿಷದಲ್ಲಿ ಅಂತ. ಅದು ಸುಳ್ಳು. ಹೆಚ್ಚಿನ ಮಕ್ಕಳಿಗೆ ನೋವು, ಊತ ಬಂದು ಕೆಲವು ದಿನದಲ್ಲಿ ವಾಸಿಯಾಗುತ್ತದೆ. ಆದರೆ ಆ ಮೆಸೇಜ್ ಸುಳ್ಳು ಅಂತ ಗೊತ್ತಾದವರು ಗಿಡದಿಂದ ಏನೂ ಆಗಲ್ಲ ಅಂದುಕೊಂಡುಬಿಡುತ್ತಾರೆ. ಅದೂ ಸರಿಯಲ್ಲ. ಉಸಿರಾಡುವಾಗ ಸದ್ದು ಬಂದರೆ, ಮಗುವಿಗೆ ತನ್ನ ಜೊಲ್ಲನ್ನೇ ನುಂಗಲು ಆಗದಿದ್ದರೆ, ನಾಲಿಗೆ ಊದುತ್ತಲೇ ಹೋದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ರಸ ಕಣ್ಣಿಗೆ ಬಿದ್ದರೆ ಉಜ್ಜಲೇಬಾರದು. ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ.

ಗಾಳಿ ಶುದ್ಧ ಮಾಡುವ ವಿಷಯಕ್ಕೆ ಬರೋಣ, ಏಕೆಂದರೆ ಆ ಮಾತಿನಿಂದಲೇ ಗಿಡ ಮಗುವಿನ ಹತ್ತಿರ ಬಂದಿದ್ದು. 1989ರಲ್ಲಿ ನಾಸಾ ಮಾಡಿದ ಪ್ರಯೋಗದಿಂದ ಈ ಮಾತು ಹಬ್ಬಿತು. ಅದು ಗಾಳಿಯಾಡದ ಚಿಕ್ಕ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು ಮಾಡಿದ ಪ್ರಯೋಗ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು 2019ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಾಮಾನ್ಯವಾಗಿ ಆಗುವ ಗಾಳಿ ಸಂಚಾರಕ್ಕೆ ಸಮ ಆಗಬೇಕಾದರೆ ಒಂದು ಚದರ ಮೀಟರ್ ಜಾಗಕ್ಕೆ 10ರಿಂದ 1,000 ಗಿಡ ಬೇಕಂತೆ! ಮೈಸೂರಿನಲ್ಲಿ ಕಿಟಕಿ ತೆರೆದರೆ ಆಯಿತು. ಗಿಡ ಚೆಂದಕ್ಕೆ ಇರಲಿ, ಮನಸ್ಸಿನ ಖುಷಿಗೆ ಇರಲಿ. ಆರೋಗ್ಯದ ಹೆಸರಲ್ಲಿ ಮಕ್ಕಳ ರೂಮಿಗೆ ತಳ್ಳಬೇಡಿ.

ತಮ್ಮ ಮತ್ತೆ ಆ ನರ್ಸರಿಗೆ ಹೋಗಿ ಮಗುವಿನ ಫೋಟೋ ತೋರಿಸಿದ. ದುಡ್ಡು ವಾಪಸ್ ಕೇಳಲಿಲ್ಲ, ಒಂದು ಎಚ್ಚರಿಕೆಯ ಚೀಟಿ ಹಾಕಿ ಅಂದ ಅಷ್ಟೇ. ‘ಎಷ್ಟೋ ಜನ ತಗೊಂಡು ಹೋಗ್ತಾರೆ ಸಾರ್, ಯಾರೂ ಹೀಗೆ ಹೇಳಿಲ್ಲ. ಚೀಟಿ ಹಾಕಿದರೆ ಯಾರು ತಗೊಳ್ತಾರೆ?’ ಅಂದರಂತೆ. ನನಗೆ ಹೊಟ್ಟೆ ಉರಿದಿದ್ದು ಈ ಮಾತಿಗೆ. ಗೊತ್ತಿಲ್ಲದೆ ಮಾರುವುದು ಬೇರೆ, ಗೊತ್ತಾದ ಮೇಲೂ ಮುಚ್ಚಿಡುವುದು ಬೇರೆ.

ನೀವೂ ಒಮ್ಮೆ ನಿಮ್ಮ ಮನೆ ನೋಡಿಕೊಳ್ಳಿ. ಮನಿ ಪ್ಲಾಂಟ್ ಕೂಡ ಇದೇ ಕುಟುಂಬದ್ದು. ಅಗ್ಲೋನಿಮಾ, ಸಿಂಗೋನಿಯಂ, ಕ್ಯಾಲೇಡಿಯಂ, ಫಿಲೋಡೆಂಡ್ರಾನ್, ಮಾನ್‌ಸ್ಟೆರಾ, ಪೀಸ್ ಲಿಲ್ಲಿ, ಆಂಥೂರಿಯಂ, ಜೀಜೀ ಪ್ಲಾಂಟ್ ಕೂಡ. ತೀವ್ರತೆ ಒಂದೇ ಥರ ಇರುವುದಿಲ್ಲ, ಆದರೆ ಸೂಜಿಗಳು ಎಲ್ಲದರಲ್ಲೂ ಇವೆ. ಇವನ್ನೆಲ್ಲ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಎತ್ತರಕ್ಕೆ ತೂಗುಹಾಕಿ, ಇಳಿಬಿದ್ದ ಬಳ್ಳಿಯನ್ನು ಕತ್ತರಿಸುತ್ತಿರಿ, ಉದುರಿದ ಎಲೆಯನ್ನು ದಿನಾ ಆರಿಸಿ. ನಾಯಿ, ಬೆಕ್ಕಿಗೂ ಇದೇ ತೊಂದರೆ. ನಾಯಿ ಸಾಕಿದವರು ಸೈಕಸ್ ಗಿಡವನ್ನಂತೂ ದೂರ ಇಡಿ. ಪಾಮ್ ಥರ ಕಾಣುತ್ತದೆ, ಪಾಮ್ ಅಲ್ಲ. ಅದು ಬಾಯಿ ಉರಿಸಿ ಸುಮ್ಮನಾಗುವುದಿಲ್ಲ, ನಾಯಿಯ ಲಿವರನ್ನೇ ಹಾಳು ಮಾಡಿ ಜೀವ ತೆಗೆಯಬಲ್ಲದು. ಮಗು, ನಾಯಿ ಇರುವ ಮನೆಗೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಕ್ಯಾಲಥಿಯಾ ಇವೆಯಲ್ಲ, ಚೆನ್ನಾಗಿಯೂ ಕಾಣುತ್ತವೆ. ಕ್ಯಾಲಥಿಯಾಕ್ಕೆ ಮಾತ್ರ ಮಾರ್ಚ್, ಏಪ್ರಿಲ್‌ನ ಒಣ ಗಾಳಿ ಆಗಿಬರುವುದಿಲ್ಲ, ಎಲೆಯ ಅಂಚು ಸುಟ್ಟಂತಾಗುತ್ತದೆ.

ಡೈಫನ್‌ಬೇಕಿಯಾ ತೆಗೆದುಹಾಕುವವರು ಗ್ಲೌಸ್ ಹಾಕಿಕೊಂಡೇ ಕತ್ತರಿಸಿ, ಕತ್ತರಿಯನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ದಂಟನ್ನು ರಸ್ತೆ ಬದಿಗೆ ಎಸೆಯಬೇಡಿ. ದನ ಬಾಯಿ ಹಾಕುತ್ತವೆ. ಒಂದು ಗೆಣ್ಣು ಮಣ್ಣಿಗೆ ಬಿದ್ದರೂ ಬೇರು ಬಿಟ್ಟು ಮತ್ತೆ ಚಿಗುರುತ್ತದೆ. ಚೂರುಗಳನ್ನು ಕವರಿನಲ್ಲಿ ಗಂಟು ಕಟ್ಟಿ, ಕಸ ತೆಗೆದುಕೊಳ್ಳಲು ಬರುವ ಪೌರಕಾರ್ಮಿಕರಿಗೆ ಬರಿಗೈಯಲ್ಲಿ ಮುಟ್ಟಬೇಡಿ ಅಂತ ಹೇಳಿ ಕೊಡಿ.